ಪಕ್ಕದ ಮನೆ ಹುಡುಗ

ಯಡಿಯೂರು ಕೆರೆಗೆ ಬೆಳಗಿನ ವಾಕಿಂಗ್‌ಗೆ ಬರುವವರಲ್ಲಿ ಬದರಿನಾಥ ಮೇಷ್ಟ್ರಿಗಿದ್ದ ಮರ್ಯಾದೆ ಇನ್ನೊಬ್ಬರಿಗಿರಲಿಲ್ಲ. ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಅವರ ಕಾಲದಲ್ಲಿ ಶಾಲೆಯ ಹುಡುಗರು ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದದ್ದೇ ಇಲ್ಲ. ಫೇಲಾಗುವಂತಿದ್ದವರಿಗೆ ಒಂಬತ್ತರಲ್ಲೇ ಟೀಸಿ ಕೊಟ್ಟು ಕಳಿಸುತ್ತಿದ್ದರು ಎಂಬುದು ಬೇರೆ ಮಾತು. ಅವರು ಬಂದರೆ ಕಲ್ಲುಬೆಂಚಿನ ಮೇಲಿದ್ದವರು ಸರಿದು ಜಾಗ ಕೊಡುತ್ತಿದ್ದರು. ಯಾರ ಮೊಮ್ಮಗ ಯಾವ ಕಾಲೇಜು ಸೇರಬೇಕೆಂಬುದು ಆ ಬೆಂಚಿನ ಮೇಲೆ ಇವರ ಅಪ್ಪಣೆಯಾದ ಮೇಲೇ ತೀರ್ಮಾನವಾಗುತ್ತಿತ್ತು.

ಇಂಥವರ ಸ್ವಂತ ಮೊಮ್ಮಗ ವಿಶ್ರುತ್‌ಗೆ ಆರು ತುಂಬಿದ್ದರೂ ಮಾತು ಬಂದಿರಲಿಲ್ಲ. ಒಂದೆರಡು ಬಿಡಿ ಪದ, ಅಷ್ಟೆ. ಕರೆದರೆ ತಿರುಗುತ್ತಿರಲಿಲ್ಲ, ಮುಖ ಕೊಟ್ಟು ನೋಡುತ್ತಿರಲಿಲ್ಲ, ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಿದ್ದ. ಇದು ಆಟಿಸಂ ಎಂದು ಡಾಕ್ಟರು ಅವನ ಮೂರನೇ ವರ್ಷದಲ್ಲೇ ಹೇಳಿದ್ದರು. ಮೇಷ್ಟ್ರು ಒಪ್ಪಲಿಲ್ಲ. ನಮ್ಮ ವಂಶದಲ್ಲಿ ಗಂಡುಮಕ್ಕಳಿಗೆ ಮಾತು ತಡ ಎಂದರು, ಬಜೆ ತೇಯ್ದು ನಾಲಿಗೆಗೆ ಹಚ್ಚಿಸಿದರು. ಕಲಿಸಬೇಕಾದ ವರ್ಷಗಳು ಬಜೆ ತೇಯುವುದರಲ್ಲೇ ಕಳೆದವು.

ಮಗ ಶ್ರೀಕರ್‌ಗೆ ಔಷಧಿ ಕಂಪನಿಯಲ್ಲಿ ಕೆಲಸ, ತಿಂಗಳಲ್ಲಿ ಹದಿನೈದು ದಿನ ಊರೂರು ಸುತ್ತಾಟ. ಹುಡುಗನ ಪೂರ್ತಿ ಭಾರ ಸೊಸೆ ಶರ್ವಾಣಿಯದು. ಬೆಳಿಗ್ಗೆಯಾದರೂ ಅವಳಿಗೆ ಒಂದಿಷ್ಟು ಬಿಡುವಾಗಲಿ ಎಂದು ಹೆಂಡತಿ ಸೀತಮ್ಮ ಪಟ್ಟು ಹಿಡಿದದ್ದಕ್ಕೆ ಮೇಷ್ಟ್ರು ಮೊಮ್ಮಗನನ್ನು ಕೆರೆಗೆ ಕರೆದೊಯ್ಯತೊಡಗಿದರು. ಅವನಿಗೆ ಅಲ್ಲಿನ ಕಬ್ಬಿಣದ ಬೇಲಿಯೆಂದರೆ ಪ್ರಾಣ. ಒಂದೊಂದೇ ಸರಳು ಮುಟ್ಟುತ್ತ ನಡೆಯುವನು, ಒಂದು ತಪ್ಪಿದರೆ ಹಿಂದಿರುಗಿ ಮುಟ್ಟಿ ಬರುವನು.

ಒಂದು ದಿನ ಬೇಲಿಯ ಒಂದು ಭಾಗವನ್ನು ರಿಪೇರಿಗೆಂದು ಕಳಚಿದ್ದರು. ಚಾಚಿದ ಕೈಗೆ ಸರಳು ಸಿಗದೆ ಹುಡುಗ ನೆಲಕ್ಕೆ ಬಿದ್ದು ಕಿರುಚತೊಡಗಿದ. ಜನ ಸುತ್ತುವರಿದರು, ಬೆಂಚಿನವರೂ ಎದ್ದು ಬಂದರು. ಯಾರ ಮಗು ಸಾರ್ ಇದು ಎಂದು ಯಾರೋ ಕೇಳಿದರು. ಮೇಷ್ಟ್ರು ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಪಕ್ಕದ ಮನೆ ಹುಡುಗ. ಪಾಪ, ನೋಡ್ಕೊಳ್ಳೋರು ಯಾರೂ ಇಲ್ಲ."

ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ ಆಡಿದವರಿಗೇ ಗಾಬರಿಯಾಯಿತು. ಅಷ್ಟಕ್ಕೇ ಮುಗಿದಿದ್ದರೂ ನಡೆಯುತ್ತಿತ್ತೇನೋ. ಆದರೆ ಜನ ಹೊಗಳಿದರು. ಪರರ ಮಕ್ಕಳಿಗೆ ಈ ಕಾಲದಲ್ಲಿ ಯಾರು ಇಷ್ಟು ಮಾಡುತ್ತಾರೆ ಎಂದರು, ದೊಡ್ಡ ಮನಸ್ಸು ಎಂದರು. ಮೇಷ್ಟ್ರು ಬೇಡವೆನ್ನಲಿಲ್ಲ. ಮನೆಗೆ ಬಂದು ಸ್ನಾನಕ್ಕೆ ನಿಂತಾಗ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಆದರೂ ಮಾರನೆಯ ದಿನ ಹೊಸಬರೊಬ್ಬರು ಕೇಳಿದಾಗ ಅದೇ ಕೆಮ್ಮು, ಅದೇ ಮಾತು. ಆಮೇಲೆ ಅದು ದಿನದ ಪಾಠವೇ ಆಯಿತು. ಕೆರೆಯ ಗೆಳೆತನ ಕೆರೆಯಲ್ಲೇ, ಯಾರೂ ಯಾರ ಮನೆಗೂ ಹೋಗಿಬಂದವರಲ್ಲ. ಸಿಕ್ಕಿಬೀಳುವ ಭಯವಿರಲಿಲ್ಲ.

ಆದರೆ ಗಂಗಾಧರಯ್ಯನವರು ಆ ಮಗುವನ್ನು ಮರೆಯಲಿಲ್ಲ. ಅವರು ಯಡಿಯೂರಿನ ಹಳೇ ಕುಳ. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದಾರೆ. ಗಂಟಲಂತೂ ಆಚೆ ದಂಡೆಗೆ ಕೇಳಿಸುವಂಥದ್ದು. ಆ ಗಂಟಲಲ್ಲೇ ಒಂದು ದಿನ ಬೆಂಚಿನ ಮೇಲೆ ಎಲ್ಲರೆದುರಿಗೆ ಹೇಳಿದರು: "ಮೇಷ್ಟ್ರೇ, ನಮ್ಮ ಮಗಳು ಶೃತಿ ಇದಾಳಲ್ಲ, ಅವಳ ಮಗೂನೂ ಹಿಂಗೇ. ಆಟಿಸಂ. ನಾವೂ ಮೊದಮೊದಲು ಏನೇನೋ ಹರಕೆ ಹೊತ್ವಿ. ಅದು ಕಾಯಿಲೆ ಅಲ್ಲ, ವಾಸಿ ಮಾಡೋಕೆ. ಮಗೂನ ಅರ್ಥ ಮಾಡ್ಕೊಬೇಕು, ಅಷ್ಟೇ."

ಮಗಳು ಶೃತಿ ಮತ್ತು ಇಂಥ ಮಕ್ಕಳ ತಂದೆತಾಯಂದಿರು ಶನಿವಾರ ಶನಿವಾರ ಬನಶಂಕರಿಯ ಒಂದು ಹಾಲ್‌ನಲ್ಲಿ ಸೇರುತ್ತಾರಂತೆ. ಯಾವ ಥೆರಪಿಸ್ಟ್ ಮಗುವನ್ನು ಗದರಿಸದೆ ಕಲಿಸುತ್ತಾರೆ, ಯಾವ ಶಾಲೆ ಬಾಗಿಲು ಮುಚ್ಚುವುದಿಲ್ಲ, ಸರ್ಕಾರದ ಅಂಗವಿಕಲರ ಕಾರ್ಡು ಮಾಡಿಸಲು ಎಲ್ಲಿಗೆ ಹೋಗಬೇಕು, ಎಲ್ಲ ಅಲ್ಲಿ ತಿಳಿಯುತ್ತದಂತೆ. ತಾತ ಅಜ್ಜಿಯರೂ ಹೋಗುತ್ತಾರಂತೆ. ಗಂಗಾಧರಯ್ಯ ಮೇಷ್ಟ್ರ ಮೊಬೈಲು ತೆಗೆದುಕೊಂಡು ಶೃತಿಯ ನಂಬರನ್ನು ತಾವೇ ಹಾಕಿಕೊಟ್ಟರು. ಪಕ್ಕದ ಮನೆಯ ಆ ತಾಯಿಗೆ ಇವತ್ತೇ ಕೊಡಿ ಎಂದರು.

ಆ ತಾಯಿ ಇವರದೇ ಮನೆಯಲ್ಲಿ ಕಂಡಕಂಡವರಿಗೆ ಫೋನು ಮಾಡಿ ಸೋತಿದ್ದಳು. ಒಂದು ಥೆರಪಿ ಸೆಂಟರ್‌ನಲ್ಲಿ ದೀಪಾವಳಿ ಮುಗಿಯುವವರೆಗೆ ಜಾಗವಿಲ್ಲ ಎಂದಿದ್ದರು. ಶಾಲೆಯವರು ಹುಡುಗನಿಗೆ ಬೇರೆ ಶಾಲೆ ನೋಡಿಕೊಳ್ಳಿ ಎಂದಿದ್ದರು. ನಿಮ್ಮ ಶಿಷ್ಯರು ಎಲ್ಲ ಕಡೆ ಇದ್ದಾರಲ್ಲ ಮಾವ, ಯಾರನ್ನಾದರೂ ವಿಚಾರಿಸಿ ಎಂದು ಅವಳು ಕೇಳಿಕೊಂಡಳು. ವಿಚಾರಿಸುತ್ತೇನೆ ಎಂದರು ಮೇಷ್ಟ್ರು, ನಂಬರಿದ್ದ ಮೊಬೈಲು ಅಂಗಿಯ ಜೇಬಿನಲ್ಲೇ ಇತ್ತು.

ಕೊಡಬಾರದೆಂದೇನೂ ಇರಲಿಲ್ಲ. ಆದರೆ ಶರ್ವಾಣಿ ಹೋದರೆ ಶೃತಿ ನಿಮ್ಮ ಮನೆ ಎಲ್ಲಿ ಎನ್ನುತ್ತಾಳೆ, ಶೃತಿ ಅಪ್ಪನಿಗೆ ಹೇಳುತ್ತಾಳೆ, ಅಪ್ಪನ ಗಂಟಲಿನಿಂದ ಬೆಂಚಿಗೆ ಬರುತ್ತದೆ. ಹೆತ್ತ ಮಗನ ಮಗುವನ್ನು ಪಕ್ಕದ ಮನೆಗೆ ದಾಟಿಸಿದವನೆಂದು ಎಲ್ಲರೂ ಬಾಯಿಗೆ ಬಂದಂತೆ ಆಡಿಕೊಳ್ಳುತ್ತಾರೆ. ಕೊಟ್ರಾ ಎಂದು ಗಂಗಾಧರಯ್ಯ ಕೇಳಿದಾಗಲೆಲ್ಲ ಕೊಟ್ಟೆ ಎಂದರು. ರಾತ್ರಿ ಮಲಗಿದರೆ ತಮ್ಮ ಮೇಲೆ ತಮಗೇ ಹೇಸಿಗೆಯಾಗುತ್ತಿತ್ತು. ಬೆಳಗಾದರೆ ಮರ್ಯಾದೆ ಮತ್ತೆ ದೊಡ್ಡದಾಗಿ ಕಾಣುತ್ತಿತ್ತು.

ಹಾಗಿರುವಾಗ ಒಂದು ರಾತ್ರಿ ಊಟಕ್ಕೆ ಕೂತಿದ್ದರು. ಶರ್ವಾಣಿ ಮಗನಿಗೆ ಮೊಸರನ್ನ ಕಲಸುತ್ತಿದ್ದಳು. ವಿಶ್ರುತ್ ತಟ್ಟೆಯನ್ನು ನೋಡುತ್ತ ಒಮ್ಮೆ ಕೆಮ್ಮಿದ. ಆಮೇಲೆ ಸ್ಪಷ್ಟವಾಗಿ, ಒಂದಕ್ಷರವೂ ತಪ್ಪದೆ ಹೇಳಿದ:

"ಪಕ್ಕದ ಮನೆ ಹುಡುಗ. ಪಾಪ, ನೋಡ್ಕೊಳ್ಳೋರು ಯಾರೂ ಇಲ್ಲ."

ಶರ್ವಾಣಿ ಬೆರಗಾದಳು. ಅವನ ಬಾಯಿಂದ ಪೂರ್ತಿ ವಾಕ್ಯ ಬಂದದ್ದು ಅದೇ ಮೊದಲು. ಎಂಜಲುಗೈಯಲ್ಲೇ ಮಗನನ್ನು ತಬ್ಬಿಕೊಂಡು ಅತ್ತಳು, ಇನ್ನೊಂದು ಸಲ ಹೇಳು ಚಿನ್ನ ಎಂದಳು. ಅವನು ಹೇಳಿದ. ಸೀತಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಲು ಎದ್ದರು.

ಮೂರನೆಯ ಸಲ ಕೇಳಿದಾಗ ಶರ್ವಾಣಿಯ ನಗು ನಿಧಾನವಾಗಿ ಇಳಿಯಿತು. ಆ ಕೆಮ್ಮು, ಆ ಎಳೆತ ಯಾರದೆಂದು ಆ ಮನೆಯಲ್ಲಿ ಗೊತ್ತಿಲ್ಲದವರಿರಲಿಲ್ಲ. ಎಡಗಡೆಯ ಮನೆಗೆ ವರ್ಷದಿಂದ ಬೀಗ, ಬಲಗಡೆ ಇಬ್ಬರು ಮುದುಕಿಯರು. ಹುಡುಗ ಎಲ್ಲಿಂದ ಬಂದ?

"ಯಾರ ಬಗ್ಗೆ ಮಾವ ಇದು?"

ಟೀವಿಯಲ್ಲಿ ಕೇಳಿರಬೇಕು ಎನ್ನಲು ಮೇಷ್ಟ್ರು ಬಾಯಿ ತೆರೆದರು. ವಿಶ್ರುತ್ ಮತ್ತೆ ಕೆಮ್ಮಿದ. ಮೇಷ್ಟ್ರು ಕೈ ತೊಳೆಯದೆ ತಲೆ ತಗ್ಗಿಸಿ ಕೂತರು.

"ಇವನ ಬಗ್ಗೇನೇ," ಎಂದರು.

ಕೆರೆಯ ಬೇಲಿಯಿಂದ ಹಿಡಿದು ಬೆಂಚಿನವರ ಹೊಗಳಿಕೆಯವರೆಗೆ ಎಲ್ಲವನ್ನೂ ಹೇಳಿದರು. ಸೀತಮ್ಮ ಬೆಂಕಿಕಡ್ಡಿ ಗೀರದೆ ಹಾಗೇ ನಿಂತಿದ್ದರು. ಶರ್ವಾಣಿ ಎರಡು ಮಾತು ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತು. ಇಂಥ ಮಕ್ಕಳ ತಂದೆತಾಯಿಯರದೊಂದು ಗುಂಪಿದೆ, ಫೋನು ಮಾಡು ಎಂದು ಮೊಬೈಲನ್ನು ಅವಳ ಕಡೆ ಸರಿಸಿದರು. ನಂಬರು ಎಷ್ಟು ದಿನದಿಂದ ತಮ್ಮಲ್ಲಿದೆ ಎಂಬುದನ್ನು ಆಗಲೂ ಹೇಳಲಿಲ್ಲ.

ಅವಳು ಕೈ ತೊಳೆದು ಅಲ್ಲೇ ಸ್ಪೀಕರ್ ಹಾಕಿ ಮಾಡಿದಳು. ಬದರಿನಾಥ ಮೇಷ್ಟ್ರು ನಂಬರ್ ಕೊಟ್ಟರು, ನನ್ನ ಮಗನಿಗೆ ಆಟಿಸಂ ಎಂದಳು.

"ಓ, ಮೇಷ್ಟ್ರ ಪಕ್ಕದ ಮನೆಯವರಾ?" ಆ ಕಡೆಯಿಂದ ಶೃತಿಯ ದನಿ ಹಿಗ್ಗಿತು. "ನಮ್ಮಪ್ಪ ಯುಗಾದಿಯಿಂದ ಕೇಳ್ತಾನೇ ಇದಾರೆ, ಆ ಹುಡುಗನ ತಾಯಿ ಫೋನ್ ಮಾಡಿದ್ರಾ ಅಂತ. ಯಾಕ್ರೀ ಇಷ್ಟು ದಿನ ಸುಮ್ಮನಿದ್ರಿ?"

ಗಣೇಶನ ಹಬ್ಬ ಹತ್ತಿರವಾಗಿತ್ತು. ಶರ್ವಾಣಿ ಕಣ್ಣೆತ್ತಿ ಮಾವನನ್ನು ನೋಡಿದಳು. ಅವರು ನೆಲ ನೋಡುತ್ತಿದ್ದರು.

"ಹೌದು ಅಕ್ಕ, ಪಕ್ಕದ ಮನೆಯವರೇ," ಎಂದಳು. "ನನ್ನದೇ ತಪ್ಪು. ಧೈರ್ಯ ಬರ್ಲಿಲ್ಲ."

ಶನಿವಾರದ ಹೊತ್ತು, ಹಾಲ್‌ನ ವಿಳಾಸ ಎಲ್ಲ ಕೇಳಿ ಫೋನು ಇಟ್ಟಳು. ಮಗನ ತಟ್ಟೆ ತೆಗೆದುಕೊಂಡು ಒಳಗೆ ಹೋದವಳ ಹಿಂದೆಯೇ ಮೇಷ್ಟ್ರು ಅಡುಗೆಮನೆಯ ಬಾಗಿಲವರೆಗೆ ಹೋದರು. ಯಾಕೆ ಹಾಗಂದೆ ಎಂದು ಕೇಳಿದರು.

"ನಾಳೆ ಬೆಳಿಗ್ಗೆ ನೀವು ಅವ್ರ ಅಪ್ಪನ ಮುಖ ನೋಡ್ಬೇಕಲ್ಲ ಮಾವ."

ಅವಳ ದನಿಯಲ್ಲಿ ಕುಹಕವಿರಲಿಲ್ಲ. ತಟ್ಟೆ ತೊಳೆಯುತ್ತಲೇ ಇದ್ದಳು. ಶನಿವಾರ ನಾನೂ ಬರುತ್ತೇನೆ ಎಂದರು ಮೇಷ್ಟ್ರು.

ಶರ್ವಾಣಿ ನಲ್ಲಿ ನಿಲ್ಲಿಸಿ ತಿರುಗಿದಳು.

"ಏನಂತ ಬರ್ತೀರಿ ಮಾವ?"

ಸಾವಿರಾರು ಹುಡುಗರನ್ನು ಎದ್ದು ನಿಲ್ಲಿಸಿ ಪ್ರಶ್ನೆ ಕೇಳಿದವರು ಈಗ ತಾವೇ ಹುಡುಗನಂತೆ ಕೈ ಕಟ್ಟಿ ನಿಂತರು.

"ತಾತ ಅಂತ," ಎಂದರು ಕೊನೆಗೆ, ಸಣ್ಣ ದನಿಯಲ್ಲಿ.

ಅವಳಿಗೆ ಕೇಳಿಸಲಿಲ್ಲ. ಮೇಷ್ಟ್ರು ಇನ್ನೊಂದು ಸಲ ಹೇಳಬೇಕಾಯಿತು.