ಹಸಿ ಸಾಲು, ಒಣ ಸಾಲು

ಟಕ್, ಟಕ್ — ಯಾರೋ ಬಾಗಿಲು ತಟ್ಟಿದರು ಅಂದುಕೊಂಡೆ, ಅಲ್ಲ, ಹಿಂದಿನ ಪಡಸಾಲೆಯಲ್ಲಿ ತೂಗುಹಾಕಿದ ಬಾಡು ಗಾಳಿಗೆ ಒಂದಕ್ಕೊಂದು ಬಡಿದುಕೊಳ್ಳುತ್ತಿದೆ, ಸೌದೆ ಸೀಳಿನ ಹಾಗೆ, ಆ ಸದ್ದಿಗೇ ನನ್ನ ಬಾಯಲ್ಲಿ ನೀರು, ಹುರಿದ ಕೊತ್ತಂಬರಿ ಬೀಜ, ವಿನೆಗರ್, ಉಪ್ಪು, ಆಮೇಲೆ ಜುಲೈಯೇ ಚಳಿಗಾಲವಾದ ಈ ಕರೂ ಬಯಲಿನ ಒಣ ಚಳಿಗಾಳಿ, ಎತ್ತಿನ ತೊಡೆಯ ಬಾಡು ಒಣಗಿ ಬಿಲ್ಟಾಂಗ್ ಆಗುವುದಕ್ಕೆ ಇನ್ನೇನು ಬೇಕು — ಆದರೆ ಇವತ್ತು ಈ ಸದ್ದು ಅರ್ಧ ಸಾಲಿನಿಂದ ಮಾತ್ರ ಬರಬೇಕಿತ್ತು, ಕಿಟಕಿ ಕಡೆಯ ಅರ್ಧ ನನ್ನದು, ಬಾಗಿಲ ಕಡೆಯದು ಸಾರೆಲ್‌ನದು, ಮದುವೆಯಾದ ವರ್ಷದಿಂದಲೂ ಹೀಗೇ, ನನ್ನ ಗಂಡನಿಗೆ ಹಸಿ ಬೇಕು, ಬೆರಳಲ್ಲಿ ಒತ್ತಿದರೆ ತಗ್ಗಬೇಕು, ಕೊಯ್ದರೆ ಒಳಗೆ ಕೆಂಪಗಿರಬೇಕು, ನನಗೆ ಒಣ, ಮುರಿದರೆ ಲಟ್ ಅನ್ನಬೇಕು. ಈ ಮನೆಗೆ ಮೊದಲು ಬಂದ ದಿನ ಮಾವ ಚಾಕು ಹಿಡಿದುಕೊಂಡೇ ಕೇಳಿದ್ದರು, ಹಸೀದಾ ಒಣಗಿದ್ದಾ ಮಗಳೇ, ಒಣಗಿದ್ದು ಅಂದೆ, ಅಯ್ಯೋ ಸಾರೆಲ್, ಬೇರೆ ಮತದವಳನ್ನ ಕರ್ಕೊಂಡು ಬಂದ್ಬಿಟ್ಯಲ್ಲೋ, ಅಂತ ಹಣೆ ಚಚ್ಚಿಕೊಂಡು ನಕ್ಕಿದ್ದರು, ನಾನೂ ನಕ್ಕಿದ್ದೆ, ಮತ ಮಾತ್ರ ಇಬ್ಬರೂ ಬಿಡಲಿಲ್ಲ. ಅವನದನ್ನು ಬೇಗ ಇಳಿಸಬೇಕು, ನನ್ನದು ಇನ್ನೂ ತೂಗುತ್ತಿರಬೇಕು. ಈ ಸಲ ಇಳಿಸುವವರು ಯಾರು, ನಾನು ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಕೂತಿದ್ದೆ, ಪಕ್ಕದ ತೋಟದ ಮಾರ್ತಾ ಬಂದು ಕೋಳಿಗೆ ಕಾಳು ಹಾಕಿ ಹೋಗುತ್ತಿದ್ದಳು ಅಷ್ಟೇ, ನಿನ್ನೆ ಬಂದು ನೋಡುತ್ತೇನೆ, ಇಡೀ ಸಾಲೇ ನನ್ನ ಮತಕ್ಕೆ ಸೇರಿಬಿಟ್ಟಿದೆ.

ಬೇರೆ ವರ್ಷವಾಗಿದ್ದರೆ ಗೆದ್ದೆ ಅಂತ ಕುಣಿಯುತ್ತಿದ್ದೆ. ಈ ವಯಸ್ಸಿನಲ್ಲಿ ಎಣ್ಣೆ ಡಬ್ಬಿ ಹಿಡಿದು ನೀರೆತ್ತುವ ಗಾಳಿಚಕ್ರ ಹತ್ತಬೇಕಿತ್ತೇ ಈ ಮುದುಕ, ಬಿದ್ದ, ಸೊಂಟದ ಮೂಳೆ ಹೋಯಿತು, ಮೂಳೆ ಕೂಡಿಸಿದ್ದೀವಿ ಆಂಟಿ, ಇನ್ನು ಮಾಂಸಖಂಡ ಬೆಳೀಬೇಕು, ಪ್ರೋಟೀನ್ ಹೊಟ್ಟೆಗೆ ಹೋಗದೆ ಇದ್ರೆ ಎದ್ದು ನಡೆಯೋದು ಕಷ್ಟ ಅಂದಳು ಡಾಕ್ಟರು ಹುಡುಗಿ, ಇವನೋ ಬಾಯಿಯೇ ತೆರೆಯ, ಸೂಪು ಬೇಡ, ಮೊಟ್ಟೆ ಬೇಡ, ಮಗಳು ಲಿಝೆಲ್ ಕಲಸಿ ತಂದ ಪುಡಿಯ ಹಾಲನ್ನು ನೋಡಿ ಗೋಡೆಯ ಕಡೆ ತಿರುಗಿದ, ಕೆನ್ನೆ ಒಳಕ್ಕೆ ಹೋಗಿ ಕಿವಿಯ ಕೆಳಗೆ ಒಂದು ಕುಳಿ ಬಿದ್ದಿತ್ತು, ನಾನು ಅವನ ಮುಖ ನೋಡುವುದು ಬಿಟ್ಟು ಆ ಕುಳಿಯನ್ನೇ ನೋಡುತ್ತಿದ್ದೆ, ಅಗಿಯದ ದವಡೆ, ಹೆದರಿಕೆಯಾಗುತ್ತಿತ್ತು. ಮರುದಿನ ಲಿಝೆಲ್ ಅಂಗಡಿಯ ಬಿಲ್ಟಾಂಗ್ ಪೊಟ್ಟಣ ತಂದು ಓದಿದಳು, ನೋಡು ಪಪ್ಪಾ, ಆರೋಗ್ಯಕರ ಪ್ರೋಟೀನ್ ತಿಂಡಿ ಅಂತ ಬರ್ದಿದಾರೆ, ಆಗ ಒಂದು ಕಣ್ಣು ತೆರೆದ, ಪ್ರೋಟೀನಂತೆ, ನಮ್ಮಜ್ಜ ಜೇಬಲ್ಲಿ ಪ್ರೋಟೀನ್ ಇಟ್ಕೊಂಡು ಕುರಿ ಹಿಂದೆ ಹೋಗ್ತಿದ್ನಾ, ಬಿಲ್ಟಾಂಗ್ ಇಟ್ಕೊಂಡು ಹೋಗ್ತಿದ್ದ, ಅಂದ, ಎಲ್ಲರೂ ನಕ್ಕೆವು, ತಿನ್ನಲಿಲ್ಲ ಮಾತ್ರ. ನನ್ನ ಕಡೆ ತಿರುಗಿ, ಡ್ರೀನಿ, ಮನೇದು ಕೊಡು, ತಿಂತೀನಿ ಅಂದ. ನಿನ್ನ ಸಾಲು ಹಾಗೇ ಕಾಯ್ತಿದೆ ಕಣೋ ಅಂದೆ, ಅಂದುಬಿಟ್ಟೆ.

ಈಗ ಮನೆಗೆ ಬಂದು ಕೂತಿದ್ದಾನೆ, ಅಡುಗೆಮನೆಯ ಒಲೆಯ ಪಕ್ಕ, ಮೊಣಕಾಲ ಮೇಲೆ ಕಂಬಳಿ, ಕುರ್ಚಿ ಅದರ ಹಳೆಯ ದನಿಯಲ್ಲೇ ಕಿರುಗುಟ್ಟುತ್ತಿದೆ, ಎಷ್ಟು ಹಿತ ಈ ದನಿ, ನಾಯಿ ಅವನ ಚಪ್ಪಲಿಯ ಮೇಲೆ ಗದ್ದವಿಟ್ಟು ಮಲಗಿದೆ, ಕಿಟಕಿಯ ಬಿಸಿಲು ಬಾಡು ಕೊಯ್ಯುವ ಹಲಗೆಯ ಮೇಲೆ ಬಿದ್ದಿದೆ, ಇಷ್ಟು ಸಿಕ್ಕಿತಲ್ಲ ದೇವರೇ, ಇನ್ನೊಂದು ತುತ್ತು ಅವನ ಹೊಟ್ಟೆಗೆ ಹೋಗಲಿ. ಎಲ್ಲೇ ನನ್ನದು, ಅಂದ. ಮಾರ್ತಾಳ ಮನೆಯಿಂದ ಬೆಳಿಗ್ಗೆಯೇ ಒಂದು ಹಸಿ ತುಂಡು ತಂದು ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ, ಅದನ್ನೇ ಮುಂದಿಟ್ಟೆ, ಒತ್ತಿ ನೋಡಿದ, ತಗ್ಗಿತು, ಹುಬ್ಬು ಏರಿತು, ಮೂಗಿನ ಹತ್ತಿರ ಹಿಡಿದ, ಮುಗಿಯಿತು ನನ್ನ ಕತೆ — ಲೇ, ಇದು ಮಾರ್ತಾ ಮನೇದು, ಬೆಲ್ಲ ಹಾಕಿ ಬಾಡಿನ ಮಿಠಾಯಿ ಮಾಡ್ತಾಳಲ್ಲ, ಅದೇ, ನಾನೇನು ಮಗೂನಾ, ಅಂತ ಹಲಗೆಯ ಅಂಚಿಗೆ ತಳ್ಳಿದ. ಇನ್ನು ಮುಚ್ಚಿಟ್ಟು ಏನು, ಹೇಳಿದೆ, ಇಳಿಸೋದು ಮರೆತೆ ಸಾರೆಲ್, ನಿನ್ನದೂ ಒಣಗಿಹೋಯ್ತು, ಎಲ್ಲಾ ಒಣಗಿಹೋಯ್ತು, ಹೇಳುತ್ತಾ ಹೇಳುತ್ತಾ ತೋಳಿನಿಂದ ಕಣ್ಣೊರೆಸಿಕೊಂಡೆ, ಬಾಡಿಗಾಗಿ ಅಳುವವಳು ಕರೂವಿನಲ್ಲಿ ನಾನೊಬ್ಬಳೇ ಇರಬೇಕು. ಇಷ್ಟು ವರ್ಷ ಕಾದು ಕೂತಿದ್ದೆ ನೀನು, ಅಂದ, ನನ್ನ ಸೊಂಟ ಮುರಿದ ಹೊತ್ತು ನೋಡ್ಕೊಂಡು ಮತಾಂತರ ಮಾಡ್ಸಿಬಿಟ್ಟೆ, ತಾ ಅದನ್ನೇ.

ತಂದೆ. ಹಗ್ಗದಿಂದ ಬಿಚ್ಚಿ ಬಾಗಿಲ ಕಡೆಯದನ್ನೇ ತಂದೆ, ಅವನದನ್ನೇ, ಜೇಬಿನ ಚಾಕು ತೆಗೆದ, ಚಾಕು ಜಾರಿತು, ನಾನು ಕೊಯ್ಯಲಾ ಅನ್ನಬಾರದು, ಅನ್ನಲಿಲ್ಲ, ಅವನೇ ಚಾಕು ಬಿಟ್ಟು ಎರಡೂ ಕೈಯಲ್ಲಿ ಹಿಡಿದು ಮುರಿದ, ಲಟ್, ಬಾಯಿಗೆ ಹಾಕಿಕೊಂಡ, ಥೂ, ಬೂಟಿನ ಅಟ್ಟೆ ಕಣೇ ಇದು, ಅಂದ, ಉಗಿಯುತ್ತಾನೆ ಅಂತ ಕೈ ಒಡ್ಡಿದೆ, ಉಗಿಯಲಿಲ್ಲ, ಆ ಕೆನ್ನೆಯಿಂದ ಈ ಕೆನ್ನೆಗೆ ತಳ್ಳಿಕೊಂಡ, ಕಣ್ಣು ಮುಚ್ಚಿದ, ನನ್ನ ಒಡ್ಡಿದ ಕೈಯನ್ನು ಹಿಡಿದು ಕೆಳಗಿಳಿಸಿದ, ಬಿಡಲಿಲ್ಲ ಆದರೆ, ಹಿಡಿದೇ ಇದ್ದಾನೆ, ಒಲೆಯ ಮೇಲೆ ಕಾಫಿ ಉಕ್ಕುತ್ತಿದೆ, ಉಕ್ಕಲಿ, ಕಿವಿಯ ಕೆಳಗೆ, ಆ ಕುಳಿ ಇದ್ದಲ್ಲಿ, ಅಗಿಯುವ ದವಡೆಯ ಗಂಟು ಏಳುತ್ತದೆ, ಇಳಿಯುತ್ತದೆ, ಏಳುತ್ತದೆ