ಸ್ಥಳದಲ್ಲಿ ವಾಸವಿಲ್ಲ

ನನ್ನ ಹತ್ತು ಬೆರಳಲ್ಲಿ ಏಳಕ್ಕೆ ಪಟ್ಟಿ ಇದೆ. ಹಳೆಯ ಸರಕಾರಿ ಕಡತಗಳ ಟಾಚಣಿ, ಅಂದರೆ ಗುಂಡುಸೂಜಿ, ಕೀಳುವುದು ನನ್ನ ಕೆಲಸ. ಮೂವತ್ತು ವರ್ಷದ ಜಂಗು ಹಿಡಿದ ಟಾಚಣಿ, ಕಿತ್ತರೆ ಹಾಳೆಯ ಜೊತೆ ಚರ್ಮವನ್ನೂ ಕಿತ್ತುಕೊಂಡು ಬರುತ್ತದೆ. ದಾರ ಬಿಚ್ಚಬೇಕು, ಹಾಳೆ ಬಿಡಿಸಬೇಕು, ಸ್ಕ್ಯಾನ್ ಆದ ಮೇಲೆ ಮತ್ತೆ ಹೊಲಿದು ಗಂಟು ಕಟ್ಟಬೇಕು. ಧಾರವಾಡದ ಲಕಮನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ತಗಡಿನ ಶೆಡ್ಡು. ಒಳಗೆ ಇಪ್ಪತ್ತಾರು ಜನ. ಫ್ಯಾನು ಹಾಕಿದರೆ ಹಾಳೆ ಹಾರುತ್ತವಂತೆ, ಅದಕ್ಕೆ ಏಪ್ರಿಲ್ ತಿಂಗಳಲ್ಲೂ ಫ್ಯಾನಿಲ್ಲ. ಹಾಳೆಗಿದ್ದ ಮರ್ಯಾದೆ ನಮಗಿರಲಿಲ್ಲ.

ನನ್ನ ಹೆಸರು ಮೈಲಾರಿ. ಮೊದಲು ಹುಬ್ಬಳ್ಳಿಯ ಒಂದು ಪ್ರೆಸ್ಸಿನಲ್ಲಿ ಬೈಂಡರ್ ಆಗಿದ್ದೆ. ಪ್ರೆಸ್ಸು ಮುಚ್ಚಿದ ಮೇಲೆ ಇಲ್ಲಿಗೆ ಬಂದೆ. ನನಗೆ ಬಾಯಿ ಜೋರು ಅಂತ ಹೆಂಡತಿಯಿಂದ ಹಿಡಿದು ಚಹಾದಂಗಡಿಯವನ ತನಕ ಎಲ್ಲರೂ ಹೇಳುತ್ತಾರೆ. ಖರೇ. ಆದರೆ ಜೋರಾಗಬೇಕಾದ ಎರಡು ದಿನ ಅದು ಮುಚ್ಚಿಕೊಂಡಿತ್ತು. ಅದನ್ನೇ ಹೇಳುತ್ತೇನೆ, ಕೇಳಿ.

ನನ್ನ ಟೇಬಲ್ಲಿನ ಎದುರು ಜರೀನಾಳ ಕಂಪ್ಯೂಟರು. ಅಮರಗೋಳದ ಮಾರ್ಕೆಟ್ಟಿನ ಹಿಂದಿನ ಇಟ್ಟಂಗಿಭಟ್ಟಿ ಓಣಿಯ ಹುಡುಗಿ. ಅಪ್ಪ ಇಲ್ಲ. ಅವ್ವ ಅಬೀದಾ ಮಾರ್ಕೆಟ್ಟಿನಲ್ಲಿ ಕೂತು ಮೆಣಸಿನಕಾಯಿ ತೊಟ್ಟು ತೆಗೆದೇ ಮಗಳನ್ನು ಬಿ.ಕಾಂ ಓದಿಸಿದಳು. ಜರೀನಾ ದಿನಾ ಚಿಗರಿ ಬಸ್ಸು ಹತ್ತಿ ಬರುತ್ತಿದ್ದಳು, ನನ್ನನ್ನು ಕಾಕಾ ಅನ್ನುತ್ತಿದ್ದಳು. ಅವಳ ಕೆಲಸ ಏನೆಂದರೆ, ಸ್ಕ್ಯಾನ್ ಆದ ಕಡತವನ್ನು ಕಂಪ್ಯೂಟರಿನಲ್ಲಿ ತನ್ನ ಹೆಸರಿಗೆ ತೆಗೆದುಕೊಳ್ಳುವುದು. ಆಗ ಅದಕ್ಕೆ ಬೀಗ ಬೀಳುತ್ತದೆ, ಬೇರೆ ಯಾರೂ ಮುಟ್ಟುವಂತಿಲ್ಲ. ಕೊನೆಯ ಹಾಳೆಯಲ್ಲಿ ಸರ್ವೇಯರ್ ಬರೆದ ಷರಾ ಓದಿ, ಅದನ್ನು ಟೈಪು ಮಾಡಿ, ಕಡತವನ್ನು ವಾಪಸು ಒಳಗೆ ಹಾಕುವುದು. ಅದಕ್ಕೆ ಚೆಕ್-ಇನ್ ಅನ್ನುತ್ತಾರೆ. ಒಮ್ಮೆ ಚೆಕ್-ಇನ್ ಆದರೆ ಇಲಾಖೆಯವರ ಪಾಲಿಗೆ ಅದೇ ಸತ್ಯ.

ಏಪ್ರಿಲ್ ಎರಡನೇ ವಾರ ನಮ್ಮ ಶೆಡ್ಡಿಗೆ ಬಂದದ್ದು ಅವಳ ಓಣಿಯವೇ ಕಡತಗಳು. ನೂರಾ ಎಪ್ಪತ್ತಮೂರು ಮನೆ, ನೂರಾ ಎಪ್ಪತ್ತಮೂರು ಹಕ್ಕುಪತ್ರದ ಅರ್ಜಿ. ಅವಳ ಅವ್ವನ ಕಡತದ ದಾರ ಬಿಚ್ಚಿದವನು ನಾನೇ.

“ಕಾಕಾ, ಇಲ್ಲಿ ಅಮ್ಮಿ ಫೋಟೊ ಐತಿ ನೋಡ್ರಿ!” ಅಂತ ಎದ್ದು ಬಂದಳು. ಬಾಗಿಲಿನಲ್ಲಿ ನಿಂತ ಅಬೀದಾ, ಪಕ್ಕದಲ್ಲಿ ಯಾರದೋ ಆಡು. “ಆಡು ಬಾಜೂಮನಿ ಸಾವಕ್ಕಂದು. ಅದಕ್ಕೂ ಹಕ್ಕುಪತ್ರ ಬೇಕಾಗಿತ್ತೇನೋ!”

ಕೆಳಗೆ ಸರ್ವೇಯರನ ಕೈಬರಹ: ‘ಅರ್ಜಿದಾರರು ಮೂವತ್ತೊಂದು ವರ್ಷದಿಂದ ಇಲ್ಲೇ ವಾಸವಿದ್ದಾರೆ. ಹಕ್ಕುಪತ್ರಕ್ಕೆ ಶಿಫಾರಸು.’ ಜರೀನಾ ಅದನ್ನು ಮೂರು ಸಲ ಓದಿದಳು. ಮಡಚಿದ್ದ ಹಾಳೆಯ ಮೂಲೆಯನ್ನು ಉಗುರಿನಿಂದ ತಿಕ್ಕಿ ತಿಕ್ಕಿ ನೆಟ್ಟಗೆ ಮಾಡಿದಳು. ಮರುದಿನ ಡಬ್ಬಿಯಲ್ಲಿ ಸಜ್ಜಕ ತಂದಳು. ಅಬೀದಾ ಕಳಿಸಿದ್ದು.

“ಮೊದಲ ನಿಮ್ಮವ್ವಂದ ಚೆಕ್-ಇನ್ ಮಾಡಿಬಿಡವಾ,” ಅಂದೆ.

“ಸರತಿ ಮುರದರ ಓಣಿ ಮಂದಿ ಏನಂದಾರು ಕಾಕಾ? ನಂಬರ ಬಂದಾಗ ಬರ್ತೈತಿ.”

ಎಂಥಾ ಹುಡುಗಿ! ಆ ನ್ಯಾಯಬುದ್ಧಿಯೇ ಅವಳಿಗೆ ಮುಳುವಾಯಿತು.

ಶನಿವಾರ ಮಧ್ಯಾಹ್ನ ಸೂಪರ್‌ವೈಸರ್ ಹಂಚಿನಾಳ ಓಡುತ್ತ ಬಂದ. ನಾಲ್ಕು ಗಂಟೆಗೆ ಇಲಾಖೆಯ ದೊಡ್ಡ ಸಾಹೇಬರು ಬರುತ್ತಾರಂತೆ. ಗೋಡೆಯ ಮೇಲಿನ ಟೀವಿಯಲ್ಲಿ ಎಷ್ಟು ಕಡತ ಮುಗಿದವು ಅಂತ ತೋರಿಸುತ್ತದೆ. ಇಟ್ಟಂಗಿಭಟ್ಟಿ ಓಣಿಯದು ಪೂರ್ತಿ ಕೆಂಪು. ಜರೀನಾ ಎಲ್ಲವನ್ನೂ ತನ್ನ ಹೆಸರಿಗೆ ತೆಗೆದುಕೊಂಡಿದ್ದಳು, ಮೊದಲನೆಯದರ ಷರಾ ಟೈಪು ಮಾಡಿ ಮುಗಿಸಿದ್ದಳು ಅಷ್ಟೇ.

“ಎಲ್ಲಾ ಒಮ್ಮೆಲೇ ಸೆಲೆಕ್ಟ್ ಮಾಡು. ಚೆಕ್-ಇನ್ ಹೊಡಿ,” ಅಂದ.

“ಸರ್, ಒಂದೊಂದರ ಷರಾ ಬ್ಯಾರೆ ಬ್ಯಾರೆ ಅದಾವ್ರಿ. ಒಮ್ಮೆಲೇ ಹಾಕಿದ್ರ ಮೊದಲನೇದ್ದು ಎಲ್ಲಾದಕ್ಕೂ ಕುಂದರತೈತ್ರಿ.”

“ಮೊದಲನೇದ್ದು ಏನೈತಿ?”

“ಹೊಳೆಯಪ್ಪ ಅನ್ನಾವಂದ್ರಿ. ಅಂವ ಮನಿ ಬಿಟ್ಟು ಗೋವಾಕ್ಕ ಹೋಗಿ ಆರು ವರ್ಷ ಆತು. ‘ಸ್ಥಳದಲ್ಲಿ ವಾಸವಿಲ್ಲ, ಕಡತ ಮುಕ್ತಾಯ’ ಅಂತ ಐತ್ರಿ.”

“ಇರ್ಲಿ ಹಾಕು.”

“ಅಯ್ಯ, ಬ್ಯಾಡ್ರಿ ಸರ್! ‘ಪರಿಶೀಲನೆ ಬಾಕಿ’ ಅಂತ ಹಾಕ್ತೇನ್ರಿ.”

“ಬಾಕಿ ಅಂದ್ರ ಟೀವ್ಯಾಗ ಕೆಂಪ ತೋರಸ್ತೈತಿ. ನನ್ನ ಮಾರಿಗೆ ಮಸಿ ಬಳೀಬೇಕಂತ ಮಾಡೀಯೇನು?”

“ಹಂಗಾದ್ರ ಎಲ್ಲಾರಿಗೂ ‘ವಾಸವಿದ್ದಾರೆ’ ಅಂತ...”

“ಅದಕ್ಕ ಒಂದೊಂದಕ್ಕೂ ಸರ್ವೇಯರನ ಹಾಳಿ ನಂಬರ ಕೇಳತೈತಿ. ನಾಕು ಗಂಟೇಕ್ಕ ಆಕೈತೇನು?”

ಅದು ಖರೇ ಇತ್ತು. ಜನ ಇದ್ದಾರೆ ಅಂದರೆ ಆ ಮಷೀನು ಪುರಾವೆ ಕೇಳುತ್ತದೆ. ಇಲ್ಲ ಅಂದರೆ ಏನೂ ಕೇಳುವುದಿಲ್ಲ. ಅದನ್ನು ಮಾಡಿದ ಪುಣ್ಯಾತ್ಮ ಯಾರೋ, ಅವನಿಗೆ ಸ್ವಂತ ಮನೆ ಇತ್ತು ಅಂತ ಕಾಣುತ್ತದೆ.

ಹಂಚಿನಾಳ ದನಿ ಇಳಿಸಿದ. “ನೋಡವ್ವಾ, ಎರಡ ದಿನದ ಮಾತು. ಸೋಮವಾರ ಬಂದು ಒಂದೊಂದ ತಗದು ತಿದ್ದು. ನಾ ಅದೇನಿ ಅಲ್ಲ?”

ಜರೀನಾ ನನ್ನ ಕಡೆ ನೋಡಿದಳು. ನಾನು ದೊಡ್ಡ ಮನುಷ್ಯ, ಅನುಭವಸ್ಥ, ಕಾಕಾ! ಏನು ಹೇಳಿದೆ ಗೊತ್ತೇ?

“ಸಾಹೇಬ್ರು ಹೇಳಿದಂಗ ಮಾಡವಾ. ಹೆಂಗೂ ಸೋಮವಾರ ತಿದ್ದೂದೈತೆಲ್ಲ.”

ಅವಳು ಒತ್ತಿದಳು. ನಾನು ಒಂದು ದಾರ ಕತ್ತರಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಟೀವಿ ಹಸಿರಾಯಿತು. ಸಾಹೇಬರು ಬಂದರು, ಚಪ್ಪಾಳೆ ಹೊಡೆದರು, ಫೋಟೊ ತೆಗೆಸಿಕೊಂಡರು. ಅವರು ಪೇಡೆ ತಿಂದರು, ನಾವು ಡಬ್ಬಿ ಎತ್ತಿಟ್ಟೆವು.

ಸೋಮವಾರ ಜರೀನಾ ಎಲ್ಲರಿಗಿಂತ ಮೊದಲು ಬಂದಿದ್ದಳು. ಕಡತ ತೆರೆಯಲು ಹೋದರೆ ಬರಲೇ ಇಲ್ಲ. ಹಂಚಿನಾಳನನ್ನು ಕೇಳಿದಳು.

“ಆ ಬ್ಯಾಚ್ ಇಲಾಖೆಗೆ ಹೋತಲ್ಲ. ಲಾಕ್ ಆಗೇತಿ.”

“ಸರ್, ಸೋಮವಾರ ತಿದ್ದು ಅಂದಿದ್ರೆಲ್ಲ್ರಿ?”

“ಯಾವಾಗ ಅಂದಿದ್ನಿ?”

ಹುಡುಗಿ ಕಾಲು ಹಿಡಿಯುವುದೊಂದು ಬಾಕಿ. “ಸರ್, ಹಳೇ ಷರಾ ಸ್ಕ್ಯಾನ್ ಒಳಗ ಹಂಗ ಐತ್ರಿ. ನೀವು ಒಂದ ಪತ್ರ ಕೊಟ್ರ ಅವರು ತಗದು ಕೊಡ್ತಾರ್ರಿ. ನಾ ರಜಾ ದಿನ ಬಂದು ಮಾಡ್ತೇನ್ರಿ, ಪಗಾರ ಬ್ಯಾಡ್ರಿ.”

“ಪತ್ರ ಕೊಟ್ರ ನೂರಾ ಎಪ್ಪತ್ತಮೂರು ತಪ್ಪು ಮಾಡೇವಿ ಅಂತ ನಾವ ಬರದು ಕೊಟ್ಟಂಗ. ಕಾಂಟ್ರ್ಯಾಕ್ಟ್ ಹೋಕೈತಿ. ಇಪ್ಪತ್ತಾರು ಮಂದಿ ಅನ್ನಕ್ಕ ಕಲ್ಲ ಹಾಕ್ತೀಯೇನು?”

ನಮ್ಮ ಅನ್ನವನ್ನೇ ನಮ್ಮ ಬಾಯಿಗೆ ಬೀಗ ಮಾಡಿದ. ಒಬ್ಬರೂ ತಲೆ ಎತ್ತಲಿಲ್ಲ.

ಜರೀನಾ ಬಿಡಲಿಲ್ಲ. ಇಲಾಖೆಯ ಕಿಟಕಿಗೆ ಹೋಗಿ ನಿಂತಳು. “ಸಿಸ್ಟಮ್‌ನಾಗ ಏನೈತೋ ಅದ,” ಅಂದರಂತೆ. ಕಾಗದದ ಕಡತ ನೋಡಿ ಅಂದಳು. ಗಂಟಿಗೆ ಸೀಲು ಬಿದ್ದಿದೆ, ಬಿಚ್ಚಲು ಮೇಲಿನ ಆರ್ಡರು ಬೇಕು ಅಂದರಂತೆ. ಆ ಗಂಟು ಕಟ್ಟಿದವನೂ ನಾನೇ. ಒಂಬತ್ತು ಅರ್ಜಿ ಬರೆದು ಕೊಟ್ಟಳು. ಹತ್ತನೆಯದಕ್ಕೆ ಇಲಾಖೆ ಹಂಚಿನಾಳನಿಗೆ ಫೋನು ಮಾಡಿತು.

ಅವತ್ತು ಅವನು ಎಲ್ಲರನ್ನೂ ಟೇಬಲ್ಲಿನ ಸುತ್ತ ನಿಲ್ಲಿಸಿದ. ಒಂದು ಹಾಳೆ ಹಿಡಿದಿದ್ದ.

“ಚೆಕ್-ಇನ್ ಮಾಡಿದ್ದು ಯಾರ ಲಾಗಿನ್? ಜರೀನಾಂದು. ಹೊತ್ತು, ತಾರೀಖು ಎಲ್ಲಾ ಐತಿ. ಒಮ್ಮೆಲೇ ಮಾಡಂತ ನಾ ಹೇಳಿದ್ನೇನು? ಯಾರರೆ ಕೇಳೀರೇನು?”

ಇಪ್ಪತ್ತೈದು ಬಾಯಿ. ಎಲ್ಲವೂ ಮುಚ್ಚಿದ್ದವು. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಕೈಯಲ್ಲಿದ್ದ ದಾರಕ್ಕೆ ಗಂಟು ಹಾಕಿದೆ, ಬಿಚ್ಚಿದೆ, ಮತ್ತೆ ಹಾಕಿದೆ. ನನ್ನ ಹೆಂಡತಿಗೆ ಡಯಾಲಿಸಿಸ್ ನಡೆದಿದೆ. ಅದನ್ನು ಹೇಳಿಕೊಂಡು ತಪ್ಪಿಸಿಕೊಳ್ಳುವುದಿಲ್ಲ. ಆ ಕೂಸು ಕಾಕಾ ಅಂತ ನಂಬಿತ್ತು, ನಾನು ಹೇಡಿಯಾದೆ.

ತಪ್ಪು ತನ್ನದೇ ಅಂತ ಇದ್ದ ಆ ಹಾಳೆಗೆ ಜರೀನಾ ಸಹಿ ಹಾಕಿ ಕೆಲಸ ಬಿಟ್ಟು ಹೋದಳು. ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

ಜೂನ್ ತಿಂಗಳ ಒಂದು ಬುಧವಾರ. ಬಸ್ಸಿನಲ್ಲಿದ್ದೆ. ಅವಳ ಫೋನು ಬಂತು. “ಕಾಕಾ, ಓಣ್ಯಾಗ ಜೆಸಿಬಿ ಬಂದೈತಿ. ನೀವರೆ ಬರ್ರಿ.” ನೀವಾದರೂ ಬನ್ನಿ ಅಂದಳು, ನನಗೆ! ಅಮರಗೋಳದಲ್ಲಿ ಇಳಿದು ಓಡಿದೆ.

ನಾನು ಹೋಗುವಷ್ಟರಲ್ಲಿ ಓಣಿಯ ತುದಿಯ ಮನೆ ಬಿದ್ದಿತ್ತು. ಅಬೀದಾಳ ಮನೆ. ಎರಡೇ ಕೋಣೆ, ಎಷ್ಟು ಹೊತ್ತು ಬೇಕು! ತಗಡು ಮುದುಡಿ ಬಿದ್ದಿತ್ತು. ಹಿಟ್ಟಿನ ಡಬ್ಬಿ ಚಪ್ಪಟೆಯಾಗಿ ಜೋಳದ ಹಿಟ್ಟು ಮಣ್ಣಿನಲ್ಲಿ ಕಲೆತಿತ್ತು. ಅಬೀದಾ ಮಾರ್ಕೆಟ್ಟಿನಿಂದ ಹಂಗೇ ಓಡಿ ಬಂದಿದ್ದಳು, ಮೆಣಸಿನಕಾಯಿ ಖಾರದ ಕೈ. ಆ ಕೈಯಿಂದಲೇ ಒರೆಸಿಕೊಂಡು ಎರಡೂ ಕಣ್ಣು ಕೆಂಡವಾಗಿದ್ದವು. ಸುತ್ತ ಪೊಲೀಸರು. ಕೈಯಲ್ಲಿ ಟ್ಯಾಬು ಹಿಡಿದ ಕ್ಲಾರ್ಕೊಬ್ಬ.

“ನೋಟೀಸ ಯಾಕ ಕೊಡಲಿಲ್ಲೋ?” ಅಂತ ಪಕ್ಕದ ಮನೆಯ ಸಾವಕ್ಕ ಕೂಗುತ್ತಿದ್ದಳು.

“ವಾಸ ಇಲ್ಲದವರಿಗೆ ಯಾರ ಕೈಯಾಗ ಕೊಡೂದಬೇ? ಆಫೀಸಿನ ಬೋರ್ಡಿಗೆ ಹಚ್ಚೇವಿ. ಪೂರಾ ಓಣಿ ಖಾಲಿ ಐತಿ ಇದರಾಗ, ನೋಡಿಲ್ಲಿ.”

ಇನ್ನೂರು ಮಂದಿಯ ನಡುವೆ ನಿಂತು ಹೇಳಿದ, ಖಾಲಿ ಇದೆ ಅಂತ.

ಜರೀನಾ ಅವ್ವನ ಮುಂದೆ ಮಣ್ಣಿನಲ್ಲಿ ಕೂತಳು. “ಅಮ್ಮಿ, ನಾನ ಒತ್ತೇನಿ. ಆ ಷರಾ ನನ್ನ ಕೈಲೆ ಬಿದ್ದೈತಿ. ಎರಡ ತಿಂಗಳಾತು, ನಿನಗ ಹೇಳಾಕ ಆಗವಲ್ದಾಗಿತ್ತು.”

ಅಬೀದಾ ಮಗಳ ಕಡೆ ತಿರುಗಿದಳು. ಹೊಡೆಯುತ್ತಾಳೆ ಅಂದುಕೊಂಡೆ.

“ಹೇಳಬಾರದೇನ ಬೇಟಾ? ಹಿಟ್ಟು, ಭಾಂಡೆ ಆದ್ರೂ ಹೊರಗ ಇಡತಿದ್ನಿ,” ಅಂದಳು.

ಅದನ್ನು ಕೇಳಿ ನಾನು ಅಲ್ಲಿಯೇ ನಿಂತು ಅತ್ತೆ. ಐವತ್ತೆಂಟು ವರ್ಷದ ಗಂಡಸು, ಅಳಬಾರದು ಅಂತ ಎಲ್ಲಿ ಬರೆದಿದೆ?

ಅಷ್ಟರಲ್ಲಿ ಕ್ಲಾರ್ಕು ಒಂದು ಕಾಗದ ಬಿಡಿಸಿದ. ಪಂಚನಾಮೆ. ಎರಡನೇ ಮನೆಗೆ ಹೋಗುವ ಮೊದಲು ಇದರದು ಮುಗಿಯಬೇಕಂತೆ. “ಖಾಲಿ ಜಾಗಾ ವಶಕ್ಕ ತಗೊಂಡ್ವಿ ಅಂತ ಇಬ್ಬರು ಸಹಿ ಹಾಕ್ರಿ. ಸ್ಥಳೀಯರು ಬೇಕು.”

“ಸ್ಥಳೀಯರು ಅಂದ್ರ ಯಾರಪಾ?” ಅಂದಳು ಸಾವಕ್ಕ.

“ಇಲ್ಲೇ ವಾಸ ಇರೋರು.”

ಸಾವಕ್ಕ ಸೆರಗು ಬಿಗಿದಳು. “ಯವ್ವಾ! ಕೇಳಿದ್ರೇನ್ರೇ ಇವನ ಮಾತು! ಇಲ್ಲಿ ಯಾರೂ ಇಲ್ಲ ಅಂತ ಇಲ್ಲಿರೋರ ಸಹಿ ಹಾಕಬೇಕಂತ. ಹಾಟ್ಯಾ, ನಿನಗ ಕೂಳ ಹೆಂಗ ಇಳೀತೈತೋ?”

ಯಾರೂ ಮುಂದೆ ಬರಲಿಲ್ಲ. ಕ್ಲಾರ್ಕು ಅತ್ತಿತ್ತ ನೋಡಿ ನನ್ನ ಕೊರಳಿನ ಗುರುತಿನ ಚೀಟಿ ಕಂಡ. “ನೀವು ಸ್ಕ್ಯಾನಿಂಗ್ ಕಂಪನಿಯವರಲ್ಲಾ? ಛಲೋ ಆತು. ನೀವ ಹಾಕಿಬಿಡ್ರಿ ಯಜಮಾನ್ರ.”

ಪೆನ್ನು ತೆಗೆದುಕೊಂಡೆ. ಜರೀನಾ ನನ್ನ ಕಡೆ ನೋಡಲಿಲ್ಲ. ನೋಡಿ ಏನು ಸಿಗುತ್ತದೆ ಅಂತ ಅವಳಿಗೆ ಗೊತ್ತಿತ್ತು.

ಕಾಗದವನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟು ದೊಡ್ಡ ಅಕ್ಷರದಲ್ಲಿ ಬರೆದೆ: ‘ಇಲ್ಲಿ ಜನ ವಾಸವಿದ್ದಾರೆ. ವಾಸವಿಲ್ಲ ಎಂಬ ಷರಾವನ್ನು ನೂರಾ ಎಪ್ಪತ್ತಮೂರು ಕಡತಕ್ಕೆ ಒಂದೇ ಸಲ ಹಾಕಿಸಿದವನು ಸೂಪರ್‌ವೈಸರ್ ಹಂಚಿನಾಳ. ಹುಡುಗಿ ಬೇಡವೆಂದಳು. ನಾನು ಎದುರಿಗೇ ಇದ್ದೆ. ಮಾಡು ಅಂದವರಲ್ಲಿ ನಾನೂ ಒಬ್ಬ.’ ಸಹಿ ಹಾಕಿದೆ.

“ಏ, ಏನ ಮಾಡಿದ್ರಿ ಇದು! ಸರಕಾರಿ ಕಾಗದ ಅದು!” ಕ್ಲಾರ್ಕು ಕಸಿದುಕೊಳ್ಳಲು ಬಂದ. ಸಾವಕ್ಕ ಅಡ್ಡ ನಿಂತಳು.

“ತಡೀ ತಮ್ಮಾ. ಸ್ಥಳೀಯರು ಬೇಕಂದೆಲ್ಲ? ಬಂದೇವಿ.” ಅವಳು ಸಹಿ ಹಾಕಿದಳು. ಅವಳ ಹಿಂದೆ ಗ್ಯಾರೇಜಿನ ನಿಜಾಮುದ್ದೀನ. ಆಮೇಲೆ ಹಮಾಲರು, ಮೆಣಸಿನಕಾಯಿ ಹೆಣ್ಣುಮಕ್ಕಳು, ಕೋಲೂರಿಕೊಂಡ ಮುದುಕರು. ಹೆಸರು, ಅದರ ಮುಂದೆ ‘ಇಲ್ಲೇ ವಾಸ’, ಮನೆ ನಂಬರು. ಬರೆಯಲು ಬಾರದವರಿಗೆ ಜರೀನಾ ಬರೆದುಕೊಟ್ಟಳು. ಒಂದೊಂದಾಗಿ, ಓದಿ ಹೇಳಿ, ಹೌದೋ ಅಲ್ಲೋ ಅಂತ ಕೇಳಿ ಬರೆದಳು. ಹಾಳೆ ಮುಗಿದು ಹಿಂಬದಿಗೆ ಹೋಯಿತು. ಇನ್ಸ್‌ಪೆಕ್ಟರು ದೂರ ಹೋಗಿ ಫೋನಿನಲ್ಲಿ ಮಾತಾಡಿದ. ಜೆಸಿಬಿಯವನು ಇಂಜಿನ್ನು ಬಂದ್ ಮಾಡಿದ.

ಕೊನೆಗೆ ಅಬೀದಾ ಎದ್ದು ಬಂದಳು. ಖಾರದ ಹೆಬ್ಬೆಟ್ಟನ್ನು ಶಾಯಿಗೆ ಒತ್ತಿ ಕಾಗದಕ್ಕೆ ಒತ್ತಿದಳು. ಅಷ್ಟೊತ್ತಿಗೆ ಕ್ಲಾರ್ಕೂ ಸೋತಿದ್ದ. ರೂಢಿಯ ಮೇಲೆ ಕೇಳಿದ:

“ಮನಿ ನಂಬರ?”

“ಎಂಬತ್ತೆಂಟು.”

ಅವನು ಟ್ಯಾಬು ನೋಡಿದ, ಆಮೇಲೆ ಮಣ್ಣಿನ ಗುಡ್ಡೆ ನೋಡಿದ. “ಆ ನಂಬರಿನ ಮನಿ ಈಗ ಇಲ್ಲಲ್ಲಬೇ.”

“ಮುಂಜಾನಿ ಹತ್ತು ಗಂಟೀತನಾ ಇತ್ತು,” ಅಂದಳು ಅಬೀದಾ. “ಹಂಗ ಬರಿ.”

ಅವನು ಬರೆಯಲಿಲ್ಲ. ಜರೀನಾ ಬರೆದಳು.