ಒಂಬತ್ತು ಪಾಯಿಂಟಿನ ಅತ್ತೆ

ಈಜುಕೊಳದ ಗೋಡೆಗೆ ಅಂಟಿಸಿದ್ದ ಸ್ಪರ್ಧಿಗಳ ಪಟ್ಟಿಯಲ್ಲಿ ಅತ್ತೆಯ ಹೆಸರಿನ ಮುಂದೆ ತಮ್ಮ ಸಣ್ಣ ಕ್ಲಬ್ಬಿನ ಬದಲು ದೊಡ್ಡ ಕ್ಲಬ್ಬಿನ ಹೆಸರಿತ್ತು. ದರ್ಜಿ ಮೂರು ಸಲ ಓದಿದಳು. ಅಚ್ಚಿನ ತಪ್ಪಲ್ಲ. ಐದು ಸ್ಪರ್ಧೆಗಳಲ್ಲೂ ಹಾಗೇ ಇತ್ತು.

ಈಜುಕೊಳದವರು ಮಾಡಿಟ್ಟ ನಿಯಮ ಸರಳ. ವರ್ಷಕ್ಕೊಮ್ಮೆ ನಡೆಯುವ ವಯಸ್ಕರ ಸ್ಪರ್ಧೆಯಲ್ಲಿ ಹೆಚ್ಚು ಪಾಯಿಂಟು ಗಳಿಸಿದ ಕ್ಲಬ್ಬಿಗೆ ಇಡೀ ವರ್ಷ ಬೆಳಗ್ಗೆ ಆರು ಗಂಟೆಯ ನೀರು, ಅಂದರೆ ಅಭ್ಯಾಸದ ಸಮಯ. ಸೋತವರಿಗೆ ಮಧ್ಯಾಹ್ನ ಒಂದು ಗಂಟೆಯದು. ದೊಡ್ಡ ಕ್ಲಬ್ಬಿನಲ್ಲಿದ್ದವರು ಹಲ್ಲಿನ ಡಾಕ್ಟರು, ವಕೀಲರು, ಅಂಗಡಿ ಮಾಲೀಕರು. ಅವರು ಯಾವಾಗ ಬೇಕಾದರೂ ಬರಬಲ್ಲರು. ಸಣ್ಣ ಕ್ಲಬ್ಬಿನ ಹನ್ನೊಂದು ಜನರಲ್ಲಿ ವೆಲ್ಡರು, ಕಂಡಕ್ಟರು, ನರ್ಸು, ದರ್ಜಿ ಇಂಥವರೇ. ಒಂದು ಗಂಟೆಗೆ ಈಜಲು ಹೊರಟರೆ ಸಂಜೆಗೆ ಕೆಲಸ ಇರುವುದಿಲ್ಲ.

ಮೂರು ವರ್ಷ ಆರು ಗಂಟೆಯ ನೀರನ್ನು ಉಳಿಸಿಕೊಟ್ಟದ್ದು ಅತ್ತೆ. ಎಪ್ಪತ್ತು ದಾಟಿದ ಹೆಂಗಸರ ಗುಂಪಿನಲ್ಲಿ ಆಕೆ ಒಬ್ಬಳೇ. ಒಬ್ಬಳೇ ಇಳಿದರೂ ಆಚೆ ದಡ ಮುಟ್ಟಿದರೆ ಮೊದಲ ಸ್ಥಾನ, ಒಂಬತ್ತು ಪಾಯಿಂಟು. ಐದು ಸ್ಪರ್ಧೆಗೆ ನಲವತ್ತೈದು.

"ನಿಮ್ಮತ್ತೆ ನೀರಲ್ಲಿ ನಿದ್ದೆ ಹೊಡೆದ್ರೂ ಒಂಬತ್ತು," ಎಂದು ಹಲ್ಲಿನ ಡಾಕ್ಟರು ಪ್ರತಿವರ್ಷ ಹಲ್ಲು ಕಡಿಯುತ್ತಿದ್ದ. "ನಮ್ಮ ಹುಡುಗ್ರು ಎದೆ ಒಡೆಯೋ ಹಾಗೆ ಈಜಿ ಎರಡನೇ ಸ್ಥಾನ ಬಂದ್ರೆ ಏಳು. ಇದು ನ್ಯಾಯಾನಾ?"

ಈ ವರ್ಷ ಅವನು ನ್ಯಾಯ ಕೇಳಿರಲಿಲ್ಲ. ಬೇರೆ ಊರಿನಿಂದ ಇಬ್ಬರು ವೇಗದ ಈಜುಗಾರರನ್ನು ತಂದಿದ್ದ. ಒಂದು ಕ್ಲಬ್ಬಿಗಾಗಿ ಈಜಿದ ಮೇಲೆ ಅರವತ್ತು ದಿನ ಕಳೆಯದೆ ಇನ್ನೊಂದು ಕ್ಲಬ್ಬಿಗೆ ಪಾಯಿಂಟು ತರುವಂತಿಲ್ಲ. ಅವರಿಬ್ಬರಿಗೂ ಅವತ್ತು ಅರವತ್ತೊಂದನೇ ದಿನ. ಈ ಕೊಳದ ನೀರಿನ ರುಚಿಯನ್ನೂ ಕಾಣದವರು, ಆದರೆ ಕಾಗದ ಸರಿಯಿತ್ತು.

ದರ್ಜಿ ಹೆಂಗಸರ ಬಟ್ಟೆ ಬದಲಿಸುವ ಕೋಣೆಗೆ ನುಗ್ಗಿದಳು. ಅತ್ತೆ ಬೆಂಚಿನ ಮೇಲೆ ಕೂತು ಟೋಪಿಯೊಳಗೆ ಕೂದಲು ತುರುಕುತ್ತಿದ್ದಳು. ಪಕ್ಕದಲ್ಲಿ ಟವೆಲು. ದರ್ಜಿಯೇ ಹೊಲಿದಿದ್ದ ಕ್ಲಬ್ಬಿನ ಅಕ್ಷರಗಳನ್ನು ಯಾರೋ ಬಿಚ್ಚಿದ್ದರು. ಸೂಜಿ ತೂತುಗಳಲ್ಲಿ ಅವನ್ನು ಇನ್ನೂ ಓದಬಹುದಿತ್ತು.

"ನನ್ನ ಮೆಷಿನ್ ಡ್ರಾಯರಿಂದ ಬ್ಲೇಡ್ ತಗೊಂಡು ಬಿಚ್ಚಿದ್ರಾ?"

"ಹೂಂ. ಮೊಂಡಾಗಿತ್ತು. ಹೊಸದು ತಗೋ."

"ಒಂದೇ ಮನೇಲಿ ಉಂಡು, ಬೆನ್ನಿಗೆ ಚೂರಿ ಹಾಕ್ತೀರಲ್ಲ ಅತ್ತೆ!"

"ಮೂರು ವರ್ಷದಲ್ಲಿ ಒಂದಿನ ನನ್ನ ಟೈಮ್ ಎಷ್ಟು ಅಂತ ಕೇಳಿದ್ಯಾ? ಕೇಳದೇನೇ ಐದಕ್ಕೂ ಹೆಸರು ಕೊಡ್ತೀಯ. 'ನಿಧಾನಕ್ಕೆ ಹೋಗಿ, ಮುಟ್ಟಿದ್ರೆ ಸಾಕು' ಅಂತೀಯ. ನಾನೇನು ತೇಲೋ ಬಿಂದಿಗೆನಾ? ಅವರ ಕೋಚು ಒಂದು ತಿಂಗಳಲ್ಲಿ ನನ್ನ ಕಾಲೊದೆತ ತಿದ್ದಿದ."

"ಅವನಿಗೂ ಬೇಕಿರೋದು ಒಂಬತ್ತೇ."

"ಇರಬಹುದು. ತಿದ್ದಿದ ಮೇಲೆ ಕೇಳ್ದ." ಅತ್ತೆ ಕನ್ನಡಕ ತೆಗೆದು ಈಜುಗನ್ನಡಕ ಹಾಕಿಕೊಂಡಳು. "ಮೊದಲ ಶಿಳ್ಳೆಗೆ ಮುಂಚೆ ಅವರಿಗೆ ಕೊಟ್ಟ ನೋಂದಣಿ ಕಾರ್ಡು ವಾಪಸು ತಗೊಂಡ್ರೆ ನಾನು ಮತ್ತೆ ನಿಮ್ಮವಳೇ. ಇನ್ನೂ ಇಪ್ಪತ್ತು ನಿಮಿಷ ಇದೆ. ಕೇಳು."

"ಏನಂತ?"

"ದಯವಿಟ್ಟು ನಮಗಾಗಿ ಈಜಿ ಅಂತ. ಬಾಯಿಬಿಟ್ಟು ಕೇಳು."

ದರ್ಜಿಯ ಬಾಯಿಗೆ ಬಂದದ್ದು ಬೇರೆ ಮಾತು. ಅದನ್ನು ನುಂಗಿದಳು. ಮೂವತ್ತೆಂಟು ದಿನಗಳ ಹಿಂದೆ ಪಕ್ಕದ ಊರಿನಲ್ಲಿ ಅತ್ತೆ ಸಣ್ಣ ಕ್ಲಬ್ಬಿನ ಟೋಪಿ ಹಾಕಿ ರಿಲೇ ಈಜಿದ್ದಳು. ಅದರ ಫಲಿತಾಂಶದ ಹಾಳೆ ದರ್ಜಿಯ ಅಳತೆ ಪುಸ್ತಕದೊಳಗೇ ಇತ್ತು, ಯಾರದೋ ರವಿಕೆಯ ತೋಳಿನ ಅಳತೆಯ ಪಕ್ಕ. ಡಾಕ್ಟರು ಆಸೆಬುರುಕತನದಲ್ಲಿ ದಿನ ಎಣಿಸುವುದನ್ನು ಮರೆತಿದ್ದ.

ಅವಳು ಕೇಳಲಿಲ್ಲ. ನೇರ ತೀರ್ಪುಗಾರರ ಮೇಜಿಗೆ ಹೋಗಿ ಆಕ್ಷೇಪಣೆ ಬರೆದುಕೊಟ್ಟಳು.

ತೀರ್ಪುಗಾರರು ನಿವೃತ್ತ ಡ್ರಿಲ್ ಮಾಸ್ತರು. ಬೆರಳು ಮಡಿಸಿ ದಿನ ಎಣಿಸಿದರು, ಮೊದಲ ಶಿಳ್ಳೆ ಊದಿದರು, ಆಮೇಲೆ ಹೇಳಿದರು: "ಅಮ್ಮ ಈಜಬಹುದು. ಪಾಯಿಂಟು ಯಾರಿಗೂ ಇಲ್ಲ."

ಡಾಕ್ಟರ ಮುಖ ಸುಣ್ಣ ಬಳಿದ ಗೋಡೆಯಂತಾಯಿತು. ದರ್ಜಿಗೆ ಅದನ್ನು ನೋಡಿಯೇ ಹೊಟ್ಟೆ ತುಂಬಿತು.

ಸಂಜೆ ನಾಲ್ಕಕ್ಕೆ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ದೊಡ್ಡ ಕ್ಲಬ್ಬು ನೂರ ತೊಂಬತ್ತು. ಸಣ್ಣ ಕ್ಲಬ್ಬು ನೂರ ಎಂಬತ್ತೇಳು.

"ಮೂರು," ಎಂದ ವೆಲ್ಡರು. "ಅಮ್ಮ ಒಂದು ಸಲ ನಮ್ಮ ಹೆಸರಲ್ಲಿ ದಡ ಮುಟ್ಟಿದ್ರೆ ಸಾಕಿತ್ತು."

ಆ ಮಾತು ನಡೆದಾಗ ನರ್ಸು ಬಟ್ಟೆ ಬದಲಿಸುವ ಕೋಣೆಯಲ್ಲೇ ಇದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. "ಕಾರ್ಡು ವಾಪಸು ತಗೋತೀನಿ, ಕೇಳು ಅಂದ್ರು. ಇವಳು ಕೇಳ್ಲಿಲ್ಲ."

ಕಂಡಕ್ಟರು ದರ್ಜಿಯನ್ನು ಮೇಲಿಂದ ಕೆಳಗೆ ನೋಡಿದ. "ಎದುರಿನವನಿಗೆ ಅಪಶಕುನ ಆಗ್ಲಿ ಅಂತ ಮೂಗು ಕುಯ್ಕೊಂಡ್ಯಲ್ಲ ತಾಯಿ. ನಿನ್ನ ಮೂಗಾದ್ರೆ ಸರಿ. ನಮ್ಮ ಹತ್ತು ಜನರದ್ದೂ ಕುಯ್ದೆ."

"ನಿಯಮದ ಪ್ರಕಾರ ನಾನು ಸರಿ."

"ಸರಿನೇ. ಒಂದು ಗಂಟೆಗೆ ನನ್ನ ಬಸ್ಸಲ್ಲಿ ಟಿಕೆಟ್ಟು ನೀನು ಹರೀತೀಯಾ?"

ಅವಳ ಜೊತೆ ಯಾರೂ ನಡೆಯಲಿಲ್ಲ. ಅತ್ತೆ ಮಾತ್ರ ಗೇಟಿನ ಹತ್ತಿರ ಒದ್ದೆ ಕೂದಲಲ್ಲಿ ಕಾಯುತ್ತಿದ್ದಳು. ಮನೆಯ ಬೀಗದ ಕೈ ಸೊಸೆಯ ಬಳಿ ಇತ್ತು.

"ಐವತ್ತು ಮೀಟರು," ಎಂದಳು ಅತ್ತೆ. "ಒಂದು ನಿಮಿಷ ಮೂವತ್ತೊಂದು ಸೆಕೆಂಡು. ಹೋದ ವರ್ಷ ಎಷ್ಟಿತ್ತು?"

ದರ್ಜಿಗೆ ಗೊತ್ತಿರಲಿಲ್ಲ.

"ಎರಡು ನಿಮಿಷ ನಾಲ್ಕು. ಹೋಗ್ಲಿ ಬಿಡು. ನಿನ್ನ ಅರವತ್ತು ದಿನಕ್ಕೆ ಇನ್ನು ಇಪ್ಪತ್ತೆರಡು ಬಾಕಿ. ಆಮೇಲೆ ನಾನು ಪೂರ್ತಿ ಅವರವಳು, ಆರು ಗಂಟೆ ನೀರಿಗೆ ಅವರ ಜೊತೆ ಇಳೀತೀನಿ. ಐದಕ್ಕೆ ಅಡುಗೆಮನೆ ಲೈಟು ಹಾಕಿದ್ರೆ ಎದ್ದು ಬಂದು ಗೊಣಗಬೇಡ."

"ಲೈಟು ಹಾಕ್ಕೊಳ್ಳಿ," ಎಂದಳು ದರ್ಜಿ. "ಕಾಫಿ ನೀವೇ ಮಾಡ್ಕೊಳ್ಳಿ. ನನ್ನ ಡ್ರಾಯರ್ ಮುಟ್ಟಬೇಡಿ."

ಅತ್ತೆ ತೂತುಬಿದ್ದ ಟವೆಲನ್ನು ಹೆಗಲಿಗೆ ಹಾಕಿಕೊಂಡು ಮುಂದೆ ನಡೆದಳು. ದರ್ಜಿ ಹತ್ತು ಹೆಜ್ಜೆ ಹಿಂದೆ ಉಳಿದಳು, ಅಷ್ಟು ದೂರವನ್ನು ಮನೆಯವರೆಗೂ ಹಾಗೇ ಇಟ್ಟುಕೊಂಡಳು.